850 ರೂಪಾಯಿಯ ಸ್ಕ್ಯಾನರ್ ಮತ್ತು ಶಿರಾಡಿ ಘಾಟಿ: ಮೂರು ವರ್ಷ ಬಳಸಿದ ಮೇಲೆ

ಇಎಲ್‌ಎಂ327 ಅಂತ ಹೆಸರಿರುವ, ಬೆಂಕಿಪೊಟ್ಟಣದಷ್ಟೇ ಇರುವ ನೀಲಿ ಡಬ್ಬಿ. 850 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿಕೊಂಡಿದ್ದೆ. ಸ್ಟೇರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಿದರೆ ಇಂಜಿನ್ ಕಂಪ್ಯೂಟರ್ ಹೇಳುವುದನ್ನು ಓದಬಹುದು. ನಾನು ಟಾರ್ಕ್ ಆ್ಯಪ್ ಹಾಕಿಕೊಂಡೆ. ಮೊದಲ ಒಂದು ವಾರ ಮಕ್ಕಳ ಹಾಗೆ ಆಡಿದೆ. ಊರಿಗೆ ಹೋಗಿ ಬರುವಾಗ ಎಲ್ಲ ಅಂಕಿಗಳನ್ನೂ ಸುಮ್ನೆ ರೆಕಾರ್ಡ್ ಮಾಡಿಟ್ಟೆ. ಆಮೇಲೆ ಅದು ಟಾರ್ಚ್ ಪಕ್ಕದಲ್ಲಿ ಮೂಲೆ ಸೇರಿತು.

ಹೋದ ವರ್ಷ ಮಳೆ ಹಿಡಿಯುವ ಹೊತ್ತು. ಮಂಗಳೂರಿನಿಂದ ಹಾಸನಕ್ಕೆ ವಾಪಸ್ ಬರುತ್ತಿದ್ದೆವು. ಡೀಸೆಲ್ ಕಾರು, ಐದು ಜನ, ಡಿಕ್ಕಿಯಲ್ಲಿ ಎರಡು ಚೀಲ ತೆಂಗಿನಕಾಯಿ. ಗುಂಡ್ಯ ದಾಟಿ ಘಾಟಿ ಹತ್ತುವಾಗ ಒಂದು ತಿರುವಿನಲ್ಲಿ ಪಿಕಪ್ ಪೂರ್ತಿ ಹೋಯಿತು. ಆಕ್ಸಿಲೇಟರ್ ನೆಲಕ್ಕೆ ಒತ್ತಿದರೂ ಆರ್‌ಪಿಎಂ ಮುಳ್ಳು 2,500 ದಾಟುತ್ತಿಲ್ಲ. ಹಳದಿ ಇಂಜಿನ್ ಲೈಟ್ ಹೊತ್ತಿಕೊಂಡಿದೆ. ಹಿಂದೆ ಗ್ಯಾಸ್ ಟ್ಯಾಂಕರ್‌ನವನ ಹಾರ್ನ್. ಹೇಗೋ ಅಗಲವಾದ ಜಾಗ ನೋಡಿ ಬದಿಗೆ ಹಾಕಿದೆ. ಕೀ ಆಫ್ ಮಾಡಿ ಎರಡು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗದವರ ಹಾಗೆ ಹತ್ತಿತು. ಲೈಟ್ ಮಾತ್ರ ಆರಲಿಲ್ಲ.

ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗ ಡಬ್ಬಿ ನೆನಪಾಯಿತು. ಸಿಕ್ಕಿಸಿ ನೋಡಿದರೆ ದೋಷದ ಕೋಡ್ ಪಿ0299. ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋ ಕೊಡಬೇಕಾದಷ್ಟು ಗಾಳಿಯ ಒತ್ತಡ ಬರುತ್ತಿಲ್ಲ. ಕಂಪ್ಯೂಟರ್ ಕೇಳಿದಷ್ಟು ಗಾಳಿ ಸಿಗದಿದ್ದರೆ ಅದು ಡೀಸೆಲ್ ಕಡಿಮೆ ಮಾಡಿ ಇಂಜಿನ್ ಉಳಿಸಿಕೊಳ್ಳುತ್ತದೆ. ಇದೇ ಲಿಂಪ್ ಮೋಡ್. ಇನ್ನೊಂದು ತಮಾಷೆ: ಐಡಲ್‌ನಲ್ಲಿ, ಅಂದರೆ ಕಾರು ನಿಂತು ಇಂಜಿನ್ ಮಾತ್ರ ಓಡುವಾಗ, ಮ್ಯಾನಿಫೋಲ್ಡ್ ಒತ್ತಡ (ಇಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ) 90 ಕಿಲೋಪ್ಯಾಸ್ಕಲ್ ತೋರಿಸುತ್ತಿತ್ತು. ಮಂಗಳೂರಿನಲ್ಲಿ 100 ಇರುತ್ತಿತ್ತಲ್ಲ, ಸೆನ್ಸರ್ ಹೋಯಿತಾ ಅಂತ ಗಾಬರಿಯಾದೆ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಅಲ್ಲಿ ಗಾಳಿಯೇ ತೆಳು ಅಂತ ಹೊಳೆಯಲು ಅರ್ಧ ಲೋಟ ಕಾಫಿ ಬೇಕಾಯಿತು.

ಸರ್ವಿಸ್ ಸೆಂಟರ್‌ನಲ್ಲಿ ಕೋಡ್ ಅಳಿಸಿ, ಕಾಂಪೌಂಡ್ ಸುತ್ತ ಒಂದು ರೌಂಡ್ ಹೊಡೆದು, ‘ಸರಿಯಾಯ್ತು ಸಾರ್’ ಅಂದರು. ಎರಡು ವಾರಕ್ಕೆ ಅದೇ ಘಾಟಿಯಲ್ಲಿ ಅದೇ ಕಥೆ. ಈ ಸಲ ಟರ್ಬೋ ಬದಲಿಸಬೇಕು ಅಂತ 68,000 ರೂಪಾಯಿಯ ಎಸ್ಟಿಮೇಟ್ ಕೈಗಿಟ್ಟರು.

ಸಹಿ ಹಾಕಲು ಮನಸ್ಸು ಬರಲಿಲ್ಲ. ಭಾನುವಾರ ಮಾರನಹಳ್ಳಿ ಕಡೆ ಇಳಿದು ಮತ್ತೆ ಹತ್ತಿದೆವು. ನಾನು ಓಡಿಸುತ್ತಿದ್ದೆ, ಹೆಂಡತಿ ಫೋನ್ ಹಿಡಿದು ಅದೇ ಒತ್ತಡದ ಅಂಕಿ ಕೂಗುತ್ತಿದ್ದಳು. 130, 150, 170... ಕಾಲು ಒತ್ತಿ ಹಿಡಿದಿದ್ದ ಹಾಗೇ 120ಕ್ಕೆ ಬಿತ್ತು. ಜೊತೆಗೆ ಬಾನೆಟ್ ಒಳಗಿಂದ ಬುಸ್ ಅನ್ನುವ ಶಬ್ದ. ಮನೆಗೆ ಬಂದು ಮೊದಲ ವಾರದ ಹಳೇ ರೆಕಾರ್ಡ್ ತೆರೆದೆ. ಆಗ ಇದೇ ಏರಿನಲ್ಲಿ ಆರಾಮಾಗಿ 210 ಮುಟ್ಟುತ್ತಿತ್ತು. ಕಾರು ಚೆನ್ನಾಗಿದ್ದಾಗ ಆಟಕ್ಕೆ ಬರೆದಿಟ್ಟ ಆ ಅಂಕಿ ಇಲ್ಲದಿದ್ದರೆ 170 ಕಡಿಮೆಯೋ ಜಾಸ್ತಿಯೋ ನನಗೆ ಹೇಗೆ ಗೊತ್ತಾಗಬೇಕಿತ್ತು? ಟರ್ಬೋ ತಿರುಗುತ್ತಿದೆ, ಒತ್ತಡ ಏರುತ್ತಲೂ ಇದೆ, ನಡುವೆ ಎಲ್ಲೋ ಸೋರಿ ಹೋಗುತ್ತಿದೆ ಅಂತ ಅನುಮಾನ ಬಂತು.

ಹಾಸನದ ಒಂದು ಸಣ್ಣ ಗ್ಯಾರೇಜಿಗೆ ಹೋಗಿ ಫೋನ್ ತೋರಿಸಿದೆ. ಅಲ್ಲಿನ ಮೇಸ್ತ್ರಿ ಫೋನ್ ಅಷ್ಟಾಗಿ ನೋಡಲಿಲ್ಲ. ‘ಬುಸ್ ಅಂತೈತಾ ಸಾರ್?’ ಅಂತ ಒಂದೇ ಮಾತು ಕೇಳಿ ಕೆಳಗೆ ನುಗ್ಗಿದರು. ಟರ್ಬೋ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ದಪ್ಪ ರಬ್ಬರ್ ಹೋಸ್, ಕ್ಲಾಂಪ್ ಪಕ್ಕದಲ್ಲೇ ಎಣ್ಣೆ ಜಿಡ್ಡು. ಮೇಲಿನಿಂದ ನೋಡಿದರೆ ಏನೂ ಇಲ್ಲ. ಬೆರಳಿನಿಂದ ಒತ್ತಿದಾಗ ಕೆಳಭಾಗದಲ್ಲಿ ಉಗುರಿನಷ್ಟುದ್ದ ಬಿರುಕು ಮೀನಿನ ಬಾಯಿ ಹಾಗೆ ತೆರೆದುಕೊಂಡಿತು. ಐಡಲ್‌ನಲ್ಲಿ ಟರ್ಬೋ ಒತ್ತಡವೇ ಇರುವುದಿಲ್ಲ, ಹಾಗಾಗಿ ಬಿರುಕು ಮುಚ್ಚಿಕೊಂಡೇ ಇರುತ್ತದೆ. ಕಾಂಪೌಂಡ್ ಸುತ್ತಿದರೆ ಸಿಗುವುದು ಹೇಗೆ! ಹೋಸ್, ಕ್ಲಾಂಪ್, ಕೂಲಿ ಸೇರಿ 3,100 ರೂಪಾಯಿ. ಈಗ ಮತ್ತೆ 210.

ಹಾಗಂತ ಈ ಡಬ್ಬಿಯನ್ನು ತಲೆ ಮೇಲೆ ಹೊತ್ತು ಮೆರೆಸುವುದಿಲ್ಲ. ಬಿರುಕು ಹುಡುಕಿದ್ದು ಮೇಸ್ತ್ರಿಯ ಬೆರಳು. ಕೋಡ್ ಲಕ್ಷಣ ಹೇಳುತ್ತದೆ, ಯಾವ ಪಾರ್ಟ್ ಅಂತ ಹೇಳುವುದಿಲ್ಲ. ಇದೇ ಪಿ0299 ಟರ್ಬೋ ನಿಯಂತ್ರಿಸುವ ವ್ಯಾಕ್ಯೂಮ್ ಪೈಪ್ ತೂತಾದರೂ ಬರಬಹುದು, ನಿಜವಾಗಲೂ ಟರ್ಬೋ ಹೋದರೂ ಬರಬಹುದು.

ಕಿರಿಕಿರಿಗಳೂ ಇವೆ. ಒಮ್ಮೆ ಸಾಕೆಟ್ಟಲ್ಲೇ ಬಿಟ್ಟು ಹನ್ನೆರಡು ದಿನ ಊರಿಗೆ ಹೋಗಿದ್ದೆ, ಬಂದಾಗ ಬ್ಯಾಟರಿ ಸತ್ತಿತ್ತು. ಎಬಿಎಸ್, ಏರ್‌ಬ್ಯಾಗ್ ಲೈಟಿನ ಬಗ್ಗೆ ನನ್ನ ಕಾರಿನಲ್ಲಿ ಇದು ಬಾಯಿ ಬಿಡುವುದಿಲ್ಲ. ಭಾವನ ಬಿಎಸ್6 ಡೀಸೆಲ್‌ನಲ್ಲಿ ಮಸಿ ಫಿಲ್ಟರ್ ಕಟ್ಟಿಕೊಂಡಾಗ ಕೋಡ್ ಓದಿತು ಅಷ್ಟೆ, ಮಸಿ ಸುಡಿಸಲು ಸರ್ವಿಸ್ ಸೆಂಟರಿಗೇ ಹೋಗಬೇಕಾಯಿತು. ಮಾತು ಮಾತಿಗೆ ಕನೆಕ್ಷನ್ ಬೇರೆ ತಪ್ಪುತ್ತದೆ. ಅಸಲಿ ಚಿಪ್ ಮಾಡಿದ್ದ ಕೆನಡಾದ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಈ ಬೆಲೆಗೆ ಬರುವುದೆಲ್ಲ ನಕಲು. ಡಬ್ಬಿ ಮೇಲೆ ‘ವಿ1.5’ ಅಂತ ಬರೆದಿದ್ದರೆ ನಗು ಬರುತ್ತದೆ, ಅಸಲಿ ಕಂಪನಿ ಆ ಹೆಸರಿನ ಆವೃತ್ತಿಯನ್ನು ತಂದೇ ಇರಲಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಐಫೋನ್ ಇದ್ದವರು ಈ ಹಳೇ ಬ್ಲೂಟೂತ್ ಮಾದರಿ ತಗೋಬೇಡಿ, ಜೋಡಣೆ ಆಗುವುದಿಲ್ಲ. ವೈಫೈ ಅಥವಾ ಬಿಎಲ್‌ಇ (ಹೊಸ ಬಗೆಯ ಬ್ಲೂಟೂತ್) ಇರುವುದನ್ನು ನೋಡಿ. ತಗೊಂಡವರು ಕಾರು ಚೆನ್ನಾಗಿರುವಾಗಲೇ ನಿಮ್ಮ ಊರಿನ ಯಾವುದಾದರೂ ಏರಿನಲ್ಲಿ ಒಮ್ಮೆ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಲೈಟ್ ಬಂದಾಗ ಮೇಸ್ತ್ರಿಗೆ ತೋರಿಸುವ ಮುಂಚೆ ಕೋಡ್ ಅಳಿಸಬೇಡಿ. ಲೈಟ್ ಬಂದ ಕ್ಷಣದ ವೇಗ, ಆರ್‌ಪಿಎಂ, ಒತ್ತಡ ಎಲ್ಲ ಅದರ ಜೊತೆಗೇ ಅಳಿಸಿ ಹೋಗುತ್ತದೆ.