ಪಡೋಸನ್, ಛೋಟಿ ಸಿ ಬಾತ್, ಕಥಾ: ಸೋತವನ ಕಡೆಯಿಂದ ನೋಡಿದರೆ

ಒಬ್ಬಳು ಹುಡುಗಿ, ಅವಳಿಗಾಗಿ ಇಬ್ಬರು ಗಂಡಸರ ಜಿದ್ದಾಜಿದ್ದಿ, ನಡುನಡುವೆ ಹಾಡು. ಹಿಂದಿಯಲ್ಲಿ ಇಂಥ ಚಿತ್ರಗಳಿಗೆ ಬರವಿಲ್ಲ. ನನಗೆ ತೀರಾ ಇಷ್ಟವಾದ ಮೂರನ್ನು ಒಂದರ ಹಿಂದೆ ಒಂದರಂತೆ ಮತ್ತೆ ನೋಡಿದೆ: 1968ರ ‘ಪಡೋಸನ್’, 1976ರ ‘ಛೋಟಿ ಸಿ ಬಾತ್’, 1983ರ ‘ಕಥಾ’. ಈ ಸಲ ಗೆದ್ದವನನ್ನು ಬಿಟ್ಟು ಸೋತವನ ಮೇಲೆ ಕಣ್ಣಿಟ್ಟೆ. ಗಂಡಸಿನ ಜಂಬದ ನಿಜಬಣ್ಣ ಬಯಲಾಗುವುದು ಅಲ್ಲೇ.

ನಗುವಿನ ಲೆಕ್ಕದಲ್ಲಿ ‘ಪಡೋಸನ್’ಗೆ ಸಾಟಿಯಿಲ್ಲ. ಹಾಡಲು ಬಾರದ ಭೋಲಾ ಕಿಟಕಿಯಲ್ಲಿ ನಿಂತು ಬಾಯಿ ಆಡಿಸುತ್ತಾನೆ, ಹಿಂದೆ ಅಡಗಿ ಕೂತ ಗೆಳೆಯ ವಿದ್ಯಾಪತಿ ಹಾಡುತ್ತಾನೆ. ಎದುರು ಮನೆಯಲ್ಲಿ ಅವನು ಮನಸೋತ ಬಿಂದು, ಜೊತೆಗೆ ಅವಳ ಸಂಗೀತದ ಮೇಷ್ಟ್ರು, ಮೆಹಮೂದ್ ಆಡಿದ ಮಾಸ್ಟರ್ ಪಿಳ್ಳೈ. ‘ಏಕ್ ಚತುರ್ ನಾರ್’ ಹಾಡಿನ ಜಟಾಪಟಿ ಇವತ್ತಿಗೂ ಹೊಟ್ಟೆ ಹುಣ್ಣಾಗಿಸುತ್ತದೆ. ಪಿಳ್ಳೈಗೆ ಮನ್ನಾ ಡೇ ದನಿ, ಭೋಲಾನ ಬೆನ್ನಿಗೆ ಕಿಶೋರ್ ಕುಮಾರ್. ಸ್ವರ, ತಾಳ ಎಲ್ಲವನ್ನೂ ಬಲ್ಲವನನ್ನು ತುಂಟತನದಿಂದ ದಾರಿ ತಪ್ಪಿಸಿ ಸೋಲಿಸುತ್ತಾರೆ.

ನಕ್ಕು ಮುಗಿದ ಮೇಲೆ ನನಗೆ ಚುಚ್ಚುವುದೂ ಇದೇ ಹಾಡು. ವಿದ್ಯೆ ಇದ್ದವನು ಪಿಳ್ಳೈ, ಮೋಸ ಮಾಡಿದವನು ಭೋಲಾ. ಆದರೂ ಪಿಳ್ಳೈಯ ಜುಟ್ಟು, ಅವನ ದಕ್ಷಿಣದ ಹಿಂದಿ ಎಲ್ಲವೂ ಗೇಲಿಯ ಸರಕು. ದಕ್ಷಿಣದವರಾಗಿ ಇದನ್ನು ನೋಡುವಾಗ ನಗುವಿನ ಜೊತೆ ಸಣ್ಣ ಸಂಕಟವೂ ಆಗುತ್ತದೆ. ಕೊನೆಗೆ ಬಿಂದು ಒಲಿಯುವುದಾದರೂ ಹೇಗೆ? ಭೋಲಾ ಆತ್ಮಹತ್ಯೆ ಮಾಡಿಕೊಂಡ ಎಂದು ನಾಟಕವಾಡಿ ಅವಳನ್ನು ಬಗ್ಗಿಸುತ್ತಾರೆ. ಅವಳ ಮನಸ್ಸಿನ ಮಾತು ಕೇಳುವ ವ್ಯವಧಾನ ಚಿತ್ರಕ್ಕಿಲ್ಲ. ಮೆಹಮೂದ್ ಎಂಥ ನಟ ಎಂದರೆ, ಅಷ್ಟೆಲ್ಲ ಗೇಲಿಯ ನಡುವೆಯೂ ಪಿಳ್ಳೈಯ ನೋವು ನಮಗೆ ಮುಟ್ಟುತ್ತದೆ.

‘ಛೋಟಿ ಸಿ ಬಾತ್’ನಲ್ಲಿ ಪೈಪೋಟಿ ಬೊಂಬಾಯಿಯ ಬಸ್ ಸ್ಟಾಪಿಗೆ ಇಳಿಯುತ್ತದೆ. ಅಮೋಲ್ ಪಾಲೇಕರರ ಅರುಣ್ ದಿನಾ ಪ್ರಭಾಳ ಹಿಂದೆ ಹೋಗುತ್ತಾನೆ, ಮಾತಾಡುವ ಧೈರ್ಯವಿಲ್ಲ. ಅಸ್ರಾನಿಯ ನಾಗೇಶನಿಗೆ ಸ್ಕೂಟರ್ ಇದೆ, ಬಾಯಿಯೂ ಇದೆ. ಅರುಣ್ ಪ್ರಭಾಳನ್ನು ರೆಸ್ಟೋರೆಂಟಿಗೆ ಕರೆತಂದರೆ ನಾಗೇಶ ಬಂದು ಅದೇ ಮೇಜಿಗೆ ವಕ್ಕರಿಸುತ್ತಾನೆ. ಊಟ ಆರ್ಡರ್ ಮಾಡುವ ಗತ್ತು ಅವನದು, ಪರ್ಸ್ ಅರುಣನದು. ಆ ಹೊತ್ತಿನ ಪಾಲೇಕರರ ಮುಖ ನೋಡಬೇಕು: ನಗಲೂ ಆಗದೆ ಸಿಟ್ಟಾಗಲೂ ಆಗದೆ ಮೆನುಕಾರ್ಡಿನ ಮೇಲೆ ಕಣ್ಣು ನೆಟ್ಟ ಗಂಡಸು. ಅವಮಾನವನ್ನು ಇಷ್ಟು ಸಣ್ಣ ದನಿಯಲ್ಲಿ ತೋರಿಸಿದ ಹಾಸ್ಯಚಿತ್ರ ಹಿಂದಿಯಲ್ಲಿ ಅಪರೂಪ.

ಆಮೇಲೆ ಖಂಡಾಲಾ ಗಿರಿಧಾಮದಲ್ಲಿ ಅಶೋಕ್ ಕುಮಾರರ ಕರ್ನಲ್ ಹತ್ತಿರ ಹುಡುಗಿಯನ್ನು ಒಲಿಸಿಕೊಳ್ಳುವ ತರಬೇತಿ. ಅರುಣ್ ಮೀಸೆ ತಿರುವದಿದ್ದರೂ ಮನಸ್ಸಿನಲ್ಲಿ ತಿರುವಿಕೊಂಡೇ ವಾಪಸ್ ಬರುತ್ತಾನೆ. ಟೇಬಲ್ ಟೆನಿಸ್‌ನಲ್ಲೂ ಊಟದ ಮೇಜಿನಲ್ಲೂ ನಾಗೇಶನನ್ನು ಅವನದೇ ವರಸೆಯಲ್ಲಿ ಚಿತ್ ಮಾಡುತ್ತಾನೆ. ನನಗೆ ಈ ಭಾಗ ಮೊದಲರ್ಧದಷ್ಟು ಹಿಡಿಸುವುದಿಲ್ಲ. ಹಳೆಯ ಅರುಣನೇ ಮೇಲು. ನಿರ್ದೇಶಕ ಬಾಸು ಚಟರ್ಜಿ ಅವರಿಗೂ ಇದು ಗೊತ್ತಿತ್ತು ಎನಿಸುತ್ತದೆ, ಯಾಕೆಂದರೆ ಕರ್ನಲ್ಲಿನ ಕೊನೆಯ ಪಾಠ ಅರುಣನ ಕೈಲಿ ಆಗುವುದಿಲ್ಲ. ಪ್ರಭಾಗೂ ಬೇಕಾದದ್ದು ಆ ಹಳೆಯ ಅರುಣನೇ. ಅವನು ಊರಲ್ಲಿಲ್ಲದಾಗ ಹಿಂದೆ ತಿರುಗಿ ಅವನಿಗಾಗಿ ಹುಡುಕುವ ವಿದ್ಯಾ ಸಿನ್ಹಾರ ಕಣ್ಣು ಎಲ್ಲವನ್ನೂ ಹೇಳುತ್ತದೆ. ‘ಪಡೋಸನ್’ನ ಬಿಂದುವಿಗೆ ಸಿಗದ ಜಾಗ ಇಲ್ಲಿ ಪ್ರಭಾಗೆ ಸಿಕ್ಕಿದೆ.

ಇದೇ ಜಾತಿಯ 2004ರ ‘ಮುಝ್ಸೆ ಶಾದಿ ಕರೋಗಿ’ಯನ್ನೂ ನೋಡಿದ್ದೇನೆ. ಗೋವಾದ ಕಡಲತೀರ, ಸಲ್ಮಾನ್–ಅಕ್ಷಯ್ ಕಿತಾಪತಿ, ಗದ್ದಲ. ಹೊತ್ತು ಹೋಗುತ್ತದೆ, ಮೇಲಿನ ಮೂರರ ಸಾಲಿಗೆ ತರಲಾರೆ.

ನನ್ನ ಆಯ್ಕೆ ನಿರ್ದೇಶಕಿ ಸಾಯಿ ಪರಾಂಜಪೆ ಅವರ ‘ಕಥಾ’. ಬೊಂಬಾಯಿಯ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಆಮೆ–ಮೊಲದ ಕತೆ. ನಾಸೀರುದ್ದೀನ್ ಶಾ ಮಾತು ಹೊರಡದ ಗುಮಾಸ್ತ ರಾಜಾರಾಮ್, ಫಾರೂಕ್ ಶೇಖ್ ಬಾಯಿಬಡುಕ ಬಾಶು. ಬಾಶು ಗೆಳೆಯನ ಕೋಣೆಯಲ್ಲಿ ಬೀಡುಬಿಟ್ಟು, ಅವನ ಬಟ್ಟೆ ತೊಟ್ಟು, ಅವನು ಮನಸ್ಸಲ್ಲೇ ಇಟ್ಟುಕೊಂಡ ಸಂಧ್ಯಾಳನ್ನೂ ಒಲಿಸಿಕೊಳ್ಳುತ್ತಾನೆ. ಮದುವೆ ಗೊತ್ತಾದ ಮೇಲೆ ಕೈಕೊಟ್ಟು ಓಡುತ್ತಾನೆ. ಇಲ್ಲಿ ರಾಜಾರಾಮನಿಗೆ ತರಬೇತಿ ಕೊಡುವ ಕರ್ನಲ್ ಇಲ್ಲ, ಹಿಂದಿನಿಂದ ಹಾಡುವ ಗೆಳೆಯನೂ ಇಲ್ಲ.

ಗಂಡಸಿನ ಜಂಬಕ್ಕೆ ನಿಜವಾದ ಪರೀಕ್ಷೆ ಬರುವುದು ಆಮೇಲೆ. ಬಾಶು ಜೊತೆ ತಾನು ಎಲ್ಲಿಯವರೆಗೆ ಹೋಗಿದ್ದೆ ಎಂಬುದನ್ನು ಸಂಧ್ಯಾ ಮುಚ್ಚಿಡುವುದಿಲ್ಲ. ರಾಜಾರಾಮ್ ಅವಳನ್ನು ಒಪ್ಪಿಕೊಳ್ಳುತ್ತಾನೆ. ಸಾಮಾನ್ಯ ನಾಯಕ ಇಂಥ ಜಾಗದಲ್ಲಿ ಭಾಷಣ ಬಿಗಿಯುತ್ತಿದ್ದ, ಇಲ್ಲವೇ ಉಪಕಾರ ಮಾಡಿದವನಂತೆ ಎದೆಯುಬ್ಬಿಸುತ್ತಿದ್ದ. 1983ರಲ್ಲಿ ಹಿಂದಿಯ ಒಂದು ಹಾಸ್ಯಚಿತ್ರ ಅದೆರಡನ್ನೂ ಬಿಟ್ಟು ಗಂಡಸನ್ನು ಹೀಗೆ ನಿಲ್ಲಿಸಿತು ಎನ್ನುವುದೇ ನನಗೆ ದೊಡ್ಡ ಸಂಗತಿ.

ಮನೆಮಂದಿಯೆಲ್ಲ ಕೂತು ನಗಬೇಕೆಂದರೆ ‘ಪಡೋಸನ್’ ಹಾಕಿ. ಇಂಥ ಚಿತ್ರಗಳನ್ನು ಈಗಷ್ಟೇ ನೋಡಲು ಶುರುಮಾಡುವವರು ‘ಛೋಟಿ ಸಿ ಬಾತ್’ನಿಂದ ಹೊರಡಲಿ. ‘ಕಥಾ’ ನೋಡುವಾಗ ಮಾತ್ರ ಮೊದಮೊದಲು ಬಾಶುವೇ ಇಷ್ಟವಾಗುತ್ತಾನೆ, ಫಾರೂಕ್ ಶೇಖ್ ಅಷ್ಟು ಚಂದ ಆಡಿದ್ದಾರೆ. ಬೇಸರಿಸದೆ ಪೂರ್ತಿ ನೋಡಿ.