ಕವಿತೆ ಹಾಡುವವರ ಕೈಗೆ ಶೂರ್ ಎಸ್‌ಎಂ58

ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಪ್ರಾಸ, ಅಂದರೆ ಸಾಲು ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಕಟ್ಟು, ಬಿಟ್ಟು ಬರೆಯತೊಡಗಿದರು. ಅಂಥ ಸಾಲುಗಳಿಗೆ ತಾವೇ ರಾಗ ಹಾಕಿ ಹಾಡುವವರಿಗೆ ಎರಡನೆಯ ಅಕ್ಷರದ ಆಸರೆ ಸಿಗುವುದಿಲ್ಲ. ಒತ್ತು ಬೀಳುವುದು ಅರ್ಥದ ಮೇಲೆ. ಒಂದೊಂದು ವ್ಯಂಜನವೂ ಸಭೆಯ ಕೊನೆಯ ಬೆಂಚಿಗೆ ಮುಟ್ಟಬೇಕು. ಕಾಸರಗೋಡಿನ ಕಡೆ ಈ ಕೆಲಸಕ್ಕೆ ಶೂರ್ ಕಂಪನಿಯ ಎಸ್‌ಎಂ58 ಮೈಕು ಚೆನ್ನಾಗಿ ಒದಗುತ್ತದೆ.

1966ರಿಂದ ಮಾರಾಟದಲ್ಲಿರುವ ಡೈನಮಿಕ್ (ಸುರುಳಿ-ಅಯಸ್ಕಾಂತದಿಂದ ನಡೆಯುವ) ಮೈಕು ಇದು. ವ್ಯಾಪ್ತಿ 50ರಿಂದ 15,000 ಹರ್ಟ್ಸ್. ಮಾತು ಸ್ಪಷ್ಟವಾಗುವ ಭಾಗವನ್ನು ತುಸು ಎತ್ತಿ ಕೊಡುತ್ತದೆ, ತೀರಾ ಮೇಲಿನದನ್ನು ಇಳಿಸುತ್ತದೆ. ಹಾಗಾಗಿ ಟ, ತ, ಕ ಕಡಿದ ಹಾಗೆ ಕೇಳುತ್ತವೆ. ಸ, ಶ ಕಿವಿಗೆ ಚುಚ್ಚುವುದಿಲ್ಲ. ಹಿಂದಿನ ಸದ್ದನ್ನು ಅದು ಬಹಳ ಮಟ್ಟಿಗೆ ಬಿಟ್ಟುಬಿಡುತ್ತದೆ. ಆಟಿಯ ಮಳೆ ಹಂಚಿನ ಮಾಡಿನ ಮೇಲೆ ಸುರಿಯುವಾಗ ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಜಾತಿಯ ಮೈಕು ಮಳೆಯನ್ನೂ ಹಾಡಿನೊಳಕ್ಕೆ ಎಳೆದುಕೊಳ್ಳುತ್ತದೆ. ಇಲ್ಲಿ ಆ ಕಾಟ ಕಡಿಮೆ.

ಹಿಡಿಯುವ ಕ್ರಮ ಮುಖ್ಯ. ಬಾಯಿಂದ 5–8 ಸೆಂಟಿಮೀಟರ್ ದೂರ, ಮೈಕಿನ ಮೂತಿ ಸ್ವಲ್ಪ ಓರೆ. ನೇರ ಹಿಡಿದರೆ ಪ, ಬ, ಫ, ಭಗಳ ಉಸಿರು ‘ಧಪ್’ ಎಂದು ಬಡಿಯುತ್ತದೆ, ಒಳಗಿನ ಸ್ಪಂಜು ಅಷ್ಟನ್ನು ತಡೆಯಲಾರದು. ತುಟಿಗೆ ತಾಗಿಸಿದರೆ 100 ಹರ್ಟ್ಸ್ ಆಸುಪಾಸಿನ ದನಿ ಉಬ್ಬಿ ಪದಗಳು ಮಬ್ಬಾಗುತ್ತವೆ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ. ಹಿಂದಿನ ಸದ್ದನ್ನು ಬಿಡುವ ಗುಣವೇ ಹೋಗಿ ಮೈಕು ಕೂಗಲು ಶುರುಮಾಡುತ್ತದೆ. ಹಾಡುವವರಿಗೆ ತಮ್ಮ ದನಿ ಕೇಳಿಸುವ ಮಾನಿಟರ್ ಸ್ಪೀಕರ್ ಪೆಟ್ಟಿಗೆ ಮೈಕಿನ ಬಾಲದ ನೇರಕ್ಕಿರಲಿ.

ಹಾಡಿದ್ದನ್ನು ಹಿಡಿದು ಮತ್ತೆ ಮತ್ತೆ ನುಡಿಸುವ ಲೂಪ್ ಪೆಡಲ್ ಇಟ್ಟು ಒಬ್ಬರೇ ಹಲವು ದನಿ ಕಟ್ಟುವವರಿಗೆ ಎರಡು ಎಚ್ಚರಿಕೆ. ಬಾಸ್ ಕಂಪನಿಯ ಆರ್‌ಸಿ-5 ಲೂಪ್ ಪೆಡಲ್‌ಗೆ ಗಿಟಾರ್ ಜಾಕ್ ಮಾತ್ರ ಇದೆ, ಈ ಮೈಕನ್ನು ನೇರ ಸಿಕ್ಕಿಸಿದರೆ ದನಿ ಏಳುವುದಿಲ್ಲ; ನಡುವೆ ಮೈಕಿನ ಸಿಗ್ನಲ್ ಹಿಗ್ಗಿಸುವ ಪ್ರೀಆ್ಯಂಪ್ ಬೇಕು. ಅದೇ ಕಂಪನಿಯ ಆರ್‌ಸಿ-505 ಲೂಪರ್‌ಗೆ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಮೈಕ್ ದಾರಿಯೇ ಇದೆ. ಇನ್ನೊಂದು, ಹತ್ತಿರದಿಂದ ಹಾಡಿದ ಪ್ರತಿ ಪದರವೂ ತನ್ನ ಕೆಳದನಿಯ ಉಬ್ಬನ್ನು ಹೊತ್ತು ತರುತ್ತದೆ. ನಾಲ್ಕನೆಯ ಪದರ ಸೇರುವಷ್ಟರಲ್ಲಿ ಎಲ್ಲ ಕೆಸರು. ಕೆಳದನಿ ಕಡಿಯುವ ಲೋ-ಕಟ್ ಗುಂಡಿ ನಿಮ್ಮ ಮಿಕ್ಸರಿನಲ್ಲೋ ಪ್ರೀಆ್ಯಂಪಿನಲ್ಲೋ ಇದ್ದರೆ ಒತ್ತಿಟ್ಟು, ಗುನುಗು ಮತ್ತು ಶ್ರುತಿಯನ್ನಷ್ಟೇ ಲೂಪಿಗೆ ಹಾಕಿ. ಕವಿತೆಯ ಸಾಲು ಯಾವತ್ತೂ ನೇರ ದನಿಯಲ್ಲೇ ಬರಲಿ, ಪದದ ಮೇಲೆ ಪದ ಬಿದ್ದರೆ ಕವಿಯೇ ಮುಳುಗಿಹೋಗುತ್ತಾನೆ.

ಕೊರತೆಯೂ ಇದೆ: ಇದರ ಸಿಗ್ನಲ್ ಸಣ್ಣದು. ಮೆಲುದನಿಗೆ ಸುಮಾರು 60 ಡೆಸಿಬಲ್ ಗೇನ್ (ಸಿಗ್ನಲ್ ಹಿಗ್ಗಿಸುವಿಕೆ) ಬೇಕಾಗುತ್ತದೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಇಂಟರ್‌ಫೇಸಿನ ಗುಂಡಿಯನ್ನು ತುದಿತನಕ ತಿರುಗಿಸಿದರೆ ‘ಸುಯ್’ ಸದ್ದು ಮೇಲೇಳುತ್ತದೆ. ಅಂಥಲ್ಲಿ ಕ್ಲೌಡ್‌ಲಿಫ್ಟರ್ ತರದ ಬೂಸ್ಟರ್ ನಡುವೆ ಸೇರಿಸಬೇಕು. ಆ ಬೂಸ್ಟರಿಗೆ 48 ವೋಲ್ಟ್ ಫ್ಯಾಂಟಮ್, ಅಂದರೆ ಮೈಕ್ ಕೇಬಲ್ಲಿನಲ್ಲೇ ಬರುವ ವಿದ್ಯುತ್ತು, ಬೇಕು.

ಕರಾವಳಿಯ ತೇವಕ್ಕೆ ಸ್ಪಂಜು ಬೂಸಲು ಹಿಡಿದು ವಾಸನೆ ಬರುತ್ತದೆ. ಜಾಲರಿ ತಿರುಚಿ ಬಿಚ್ಚಿ, ಸೋಪಿನ ನೀರಲ್ಲಿ ತೊಳೆದು, ಫ್ಯಾನಿನ ಕೆಳಗೆ ಪೂರ್ತಿ ಒಣಗಿದ ಮೇಲೆ ಹಾಕಿ. ನಕಲಿಗಳು ಧಾರಾಳ. ಅಸಲಿಯ ತೂಕ 298 ಗ್ರಾಂ, ಅಡಿಯ ಪಿನ್ನುಗಳ ಪಕ್ಕ 1, 2, 3 ಎಂದಿರುತ್ತದೆ. ಎಲ್‌ಸಿ ಎಂದಿರುವ ಪೆಟ್ಟಿಗೆಯಲ್ಲಿ ಕೇಬಲ್ ಇರುವುದಿಲ್ಲ, ಅದನ್ನು ಬೇರೆ ಕೊಳ್ಳಬೇಕು.