ಸೆಕೆಂಡ್ ಹ್ಯಾಂಡ್ ವಿಟಾರಾ ಬ್ರೆಝಾ: ಅತ್ತೆಯ ಮಂಡಿಗೂ ಹಿತ, ನಮ್ಮ ಜೇಬಿಗೂ ಹಿತ

ನಮ್ಮ ಕೈಯಲ್ಲಿದ್ದದ್ದು ಏಳೂವರೆ ಲಕ್ಷ ರೂಪಾಯಿ. ಐದು ಜನ ಕೂರಬೇಕು, ಮಂಡಿನೋವಿನ ಅತ್ತೆ ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿಯಬೇಕು, ವಿದ್ಯಾರಣ್ಯಪುರದ ನಮ್ಮ ಇಕ್ಕಟ್ಟಾದ ರಸ್ತೆಯಲ್ಲಿ ತಿರುಗಬೇಕು, ಹಾಸನದಿಂದ ಬರುವಾಗ ತೆಂಗಿನಕಾಯಿ ಮೂಟೆಗೂ ಜಾಗವಿರಬೇಕು. ಈ ಲೆಕ್ಕಕ್ಕೆ ಹೊಂದಿದ್ದು 2020ರ ಮಾರುತಿ ವಿಟಾರಾ ಬ್ರೆಝಾ ಪೆಟ್ರೋಲ್, ವಿಎಕ್ಸ್‌ಐ ಮಾದರಿ, ಮ್ಯಾನ್ಯುವಲ್ ಗೇರಿನದು. ಒಂದು ಮಳೆಗಾಲ ಓಡಿಸಿದ ಮೇಲೆ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಹಳೆಯ ಕಾರು ನೋಡುವವರು ಕಿಲೋಮೀಟರ್ ಎಷ್ಟು ಎಂದು ಕೇಳುವ ಮೊದಲು ನೀರಿನ ಗುರುತು ಹುಡುಕಬೇಕು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆ ಎಷ್ಟೊಂದು ಕಾರುಗಳು ಮುಳುಗಿದ್ದವು ಎಂಬುದು ನೆನಪಿರಬೇಕಲ್ಲ. ಹೊರವರ್ತುಲ ರಸ್ತೆಯ ಒಂದು ಮಳಿಗೆಯಲ್ಲಿ ಕನ್ನಡಿಯಂತೆ ಹೊಳೆಯುವ ಗಾಡಿಯೊಂದನ್ನು ತೋರಿಸಿದರು. ಬೆಲೆಯೂ ಬೇರೆ ಕಡೆಗಿಂತ ಕಡಿಮೆ. ನಾನು ಜೊತೆಗೆ ಕರೆದೊಯ್ದಿದ್ದ ಮೆಕ್ಯಾನಿಕ್ ಬಾನೆಟ್ ಎತ್ತಲೇ ಇಲ್ಲ. ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೆ ಎಳೆದರು. ಸುರುಳಿಯೊಳಗೆ ಅಡಗಿದ್ದ ಭಾಗದಲ್ಲಿ ಮಣ್ಣಿನ ಗೆರೆ. ಸೀಟಿನಡಿಯ ಬೋಲ್ಟುಗಳಿಗೆ ತುಕ್ಕು, ಸ್ಟೆಪ್ನಿ ತೆಗೆದರೆ ಅದರ ಗುಂಡಿಯಲ್ಲಿ ಒಣಗಿದ ಕೆಸರು. "ಬೇಡ ಮೇಡಂ, ಈ ಗಾಡಿ ನೀರು ಕುಡಿದಿದೆ" ಎಂದರು. ಕಾರು ತೊಳೆದ ನೀರು ಎಂದು ಮಾರುವವರು ವಾದಿಸಿದರು. ಕುಟುಂಬವನ್ನು ಕೂರಿಸಿಕೊಂಡು ಹೋಗುವ ಗಾಡಿಯ ವಿಷಯದಲ್ಲಿ ಇಂಥ ಸುಳ್ಳು ಹೇಳುವುದು ನನಗೆ ಅಕ್ಷಮ್ಯವಾಗಿ ಕಂಡಿತು. ಮೆಕ್ಯಾನಿಕ್‌ಗೆ ಕೊಟ್ಟ ಎರಡು ಸಾವಿರ ರೂಪಾಯಿ ಈ ಇಡೀ ವ್ಯವಹಾರದಲ್ಲೇ ಅತ್ಯಂತ ಸಾರ್ಥಕವಾದ ಖರ್ಚು.

ಕೊನೆಗೆ ಕೊಂಡದ್ದು ರಾಜಾಜಿನಗರದ ಮೊದಲ ಮಾಲೀಕರಿಂದ, 6.90 ಲಕ್ಷಕ್ಕೆ. ಸರ್ವಿಸ್ ಬಿಲ್ಲುಗಳನ್ನು ಅವರು ವರ್ಷವಾರು ಜೋಡಿಸಿಟ್ಟಿದ್ದರು. ಟೈರಿನ ಮೇಲೆ 1420 ಎಂದಿತ್ತು, ಅಂದರೆ 2020ರ 14ನೇ ವಾರದ ತಯಾರಿ. ಕಾರಿನಷ್ಟೇ ಹಳೆಯ ಟೈರುಗಳು. ಅದನ್ನು ತೋರಿಸಿಯೇ ಬೆಲೆ ಇಳಿಸಿಕೊಂಡೆವು. ಕಾರಿನ ಮೇಲಿನ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿತ್ತು. ಬ್ಯಾಂಕಿನ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಮತ್ತು ಆ ಹೆಸರು ತೆಗೆಸಲು ಬೇಕಾದ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಲಿಲ್ಲ. ಹೆಸರು ವರ್ಗಾವಣೆಗೆ ಫಾರಂ 29, 30 ಸಾಕಾಯಿತು. ದೆಹಲಿಯ ಕಾರು ಅಗ್ಗವೆಂದು ಆಸೆಪಡುವವರು ಇಲ್ಲಿ ಮತ್ತೆ ಕಟ್ಟಬೇಕಾದ ಜೀವಿತಾವಧಿ ತೆರಿಗೆಯನ್ನು ಮೊದಲೇ ಕೂಡಿಕೊಳ್ಳಲಿ.

ಇನ್ನು ಗಾಡಿ. ಸೀಟಿನ ಎತ್ತರ ಅತ್ತೆಗೆ ಹೇಳಿ ಮಾಡಿಸಿದಂತಿದೆ. ಬಗ್ಗುವುದೂ ಬೇಡ, ಏರುವುದೂ ಬೇಡ. ನೆಲದಿಂದ 198 ಮಿಲಿಮೀಟರ್ ಎತ್ತರವಿರುವುದರಿಂದ ನಮ್ಮ ಬಡಾವಣೆಯ ಅಡ್ಡಾದಿಡ್ಡಿ ಹಂಪುಗಳಿಗೆ ಹೊಟ್ಟೆ ಉಜ್ಜುವುದಿಲ್ಲ. 1.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಹೆಬ್ಬಾಳದ ದಟ್ಟಣೆಯಲ್ಲಿ ಎರಡನೇ ಗೇರಿನಲ್ಲೇ ತೆವಳಿದರೂ ಮುನಿಸಿಕೊಳ್ಳುವುದಿಲ್ಲ. ಪತಿಗೆ ಮನಸ್ಸಿದ್ದದ್ದು ಟಾಟಾ ನೆಕ್ಸಾನ್ ಮೇಲೆ. 2018ರಲ್ಲಿ ಕಾರು ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಅದಕ್ಕೆ ಐದು ನಕ್ಷತ್ರ, ಅಂದಿನ ಡೀಸೆಲ್ ಬ್ರೆಝಾಕ್ಕೆ ನಾಲ್ಕು. ಆ ಮಾತಿನಲ್ಲಿ ನೆಕ್ಸಾನೇ ಮೇಲು. ಆದರೆ ನಾವು ಓಡಿಸಿ ನೋಡಿದ ಪೆಟ್ರೋಲ್ ನೆಕ್ಸಾನ್ ನಿಧಾನ ವೇಗದಲ್ಲಿ ತಡವರಿಸುತ್ತಿತ್ತು, ದಿನವೂ ಶಾಲೆಗೆ ಓಡಿಸುವವಳು ನಾನು.

ಕಂಪನಿ ಹೇಳುವ ಮೈಲೇಜ್ ಲೀಟರಿಗೆ 17.03 ಕಿಲೋಮೀಟರ್. ಊರೊಳಗೆ ನಮಗೆ ಸಿಗುವುದು ಸುಮಾರು ಹನ್ನೆರಡು. ಐದೇ ಗೇರು ಇರುವುದರಿಂದ ಕುಣಿಗಲ್ ದಾಟಿ ವೇಗ ಹಿಡಿದಾಗ ಎಂಜಿನ್ ಸದ್ದು ಕಿವಿಗೆ ಬೀಳುತ್ತದೆ. ಡಿಕ್ಕಿ 328 ಲೀಟರಿನದು. ಒಂದು ಮೂಟೆ, ಎರಡು ಬ್ಯಾಗು, ಅಷ್ಟೇ.

ದೊಡ್ಡ ಕೊರತೆ ಹಿಂದಿನ ಸೀಟಿಗೆ ಎಸಿ ಕಿಂಡಿ ಇಲ್ಲದಿರುವುದು. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿ ತೆಗೆದರೆ ಹಿಂದೆ ಕುಳಿತ ಮಕ್ಕಳಿಗೆ ತಂಪು ತಲುಪಲು ಬಹಳ ಹೊತ್ತು ಬೇಕು. ಆ ಸೌಕರ್ಯ ಬಂದದ್ದು 2022ರ ಹೊಸ ಬ್ರೆಝಾದಲ್ಲಿ. ಇನ್ನೂ ಒಂದೆರಡು ಲಕ್ಷ ಹೊಂದಿಸಬಲ್ಲವರು ಅದನ್ನೇ ನೋಡಲಿ.